ಕದ್ದ ಗಿಡವೇ ಬೇರೂರುತ್ತದೆ

ನೆವೆನಾ ಜಿಪುಣಿ. ಮೂವತ್ತೊಂದು ವರ್ಷ ಈ ಹಳ್ಳಿಯ ಡಾಕ್ಟರಾಗಿ, ಅವಳ ಪಕ್ಕದ ಮನೆಯಲ್ಲೇ ಬದುಕಿದವಳು ನಾನು. ಈ ಮಾತನ್ನು ಕೋಪದಿಂದ ಹೇಳುತ್ತಿಲ್ಲ. ಹಣದಲ್ಲಿ ಅವಳದು ಧಾರಾಳ ಕೈ; ಗಿಡದಲ್ಲಿ ಮಾತ್ರ ಒಂದೆಲೆಯನ್ನೂ ಬಿಟ್ಟುಕೊಟ್ಟವಳಲ್ಲ.

ಅರಣ್ಯ ಇಲಾಖೆಯ ಸಸಿಮಡಿಗಳಲ್ಲಿ ದುಡಿದು ನಿವೃತ್ತಳಾದ ಮೇಲೆ ಅವಳು ಮಾಡಿದ ತೋಟದಲ್ಲಿ ನಮ್ಮ ರೊಡೋಪಿ ಬೆಟ್ಟದ ಗಿಡಗಳಿಗಷ್ಟೇ ಜಾಗ. ಮಗಳು ರಾಜಧಾನಿ ಸೋಫಿಯಾದಿಂದ ತಂದ ಟ್ಯುಲಿಪ್ ಗೆಡ್ಡೆಗಳು ನೇರ ಗೊಬ್ಬರದ ಗುಂಡಿಗೆ ಹೋದವು. ಹಿಮ ಕರಗಿದೊಡನೆ ಪ್ರಿಮ್ರೋಸ್, ಏಪ್ರಿಲ್‌ನಲ್ಲಿ ಕಾಡು ಬೆಳ್ಳುಳ್ಳಿ ಸೊಪ್ಪು, ಬೇಸಿಗೆಗೆ ಬೆಟ್ಟದ ಚಹಾ ಎಂಬ ಮೂಲಿಕೆ, ಸೆಪ್ಟೆಂಬರಿನಲ್ಲಿ ನೇರಳೆ ಬಣ್ಣದ ಚಳಿಹೂ. ವರ್ಷವಿಡೀ ಹಸಿರಾಗಿರುವುದು ನಾವು ಆರೋಗ್ಯದ ಗಿಡವೆನ್ನುವ ಕಾಡು ಜೆರೇನಿಯಂ.

ನಮ್ಮಲ್ಲಿ ಗಿಡವನ್ನು ಕೇಳಿ ಪಡೆಯುವುದಿಲ್ಲ. ಕದ್ದರೆ ಬೇರು ಬಿಡುತ್ತದೆ, ಕದ್ದೆನೆಂದು ಒಪ್ಪಿಕೊಂಡರೆ ಒಣಗುತ್ತದೆ. ಉಳಿದ ಮನೆಗಳವರು ಕದಿಯುವವರನ್ನು ಕಂಡೂ ಕಾಣದಂತಿರುತ್ತಾರೆ. ನೆವೆನಾ ಮಾತ್ರ ಬೇಲಿಯ ಹಲಗೆಗಳನ್ನು ಒತ್ತೊತ್ತಾಗಿ ಜಡಿದು, ಕೋಲು ಹಿಡಿದು ಸ್ಟೂಲಿನ ಮೇಲೆ ಕೂರುತ್ತಿದ್ದಳು.

ಈಸ್ಟರ್‌ಗೆ ಮುಂಚಿನ ಉಪವಾಸದ ವಾರ. ಬೆಳಿಗ್ಗೆ ಅವಳು ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ನನ್ನ ಅಡುಗೆಮನೆಗೆ ನುಗ್ಗಿದಳು.

"ಡಾಕ್ಟರಮ್ಮಾ, ಕಿತ್ಕೊಂಡು ಹೋಗಿದಾರೆ!"

"ಹೋಗ್ಲಿ ಬಿಡೆ. ಬೆಳ್ಳುಳ್ಳಿ ಸೊಪ್ಪಿಗೆ ಊರು ಮುಳುಗಲ್ಲ."

"ಬೆಳ್ಳುಳ್ಳಿ ಜೊತೆಗೆ ಚಳಿಹೂವಿನ ಎಲೇನೂ ಹೋಗಿದೆ. ಗೆಡ್ಡೆ ಸಮೇತ."

ನಾನು ಒಲೆ ಆರಿಸಿದೆ.

ಚಳಿಹೂ ಶರತ್ಕಾಲದಲ್ಲಿ ಎಲೆಯಿಲ್ಲದೆ ಅರಳುತ್ತದೆ, ವಸಂತದಲ್ಲಿ ಹೂವಿಲ್ಲದೆ ಎಲೆ ಬಿಡುತ್ತದೆ. ಆ ಎಲೆಯನ್ನು ಕಾಡು ಬೆಳ್ಳುಳ್ಳಿಯದೆಂದು ನಂಬುವುದು ಸುಲಭ. ಮೂಸಿದರೂ ಪ್ರಯೋಜನವಿಲ್ಲ, ಬೆಳ್ಳುಳ್ಳಿ ಕಿತ್ತ ಬೆರಳಿಗೆ ಆಮೇಲೆ ಎಲ್ಲವೂ ಬೆಳ್ಳುಳ್ಳಿಯೇ. ಅದರ ವಿಷಕ್ಕೆ ಮದ್ದಿಲ್ಲ.

ಇಬ್ಬರೂ ಮನೆಮನೆಯ ಬಾಗಿಲು ತಟ್ಟಿದೆವು. ಯಾರೂ ಕದ್ದಿರಲಿಲ್ಲ. ಒಂಬತ್ತನೆಯ ಮನೆ ದಾಫಿನಾಳದು. ಅವಳ ಕೈಯೆಲ್ಲ ಹಿಟ್ಟು.

"ನಾನ್ಯಾಕೆ ಕದೀಲಿ? ಒಂದು ಹಿಡಿ ಸೊಪ್ಪಿಗೆ ವಿಷದ ಕತೆ ಕಟ್ಟಿದೀಯಲ್ಲೇ ನೆವೆನಾ! ನಿನ್ನ ಗೋರಿಗೂ ಬೇಲಿ ಹಾಕಿಸ್ಕೋ!"

"ಬೈಕೋ. ತಿನ್ಬೇಡ ಅಷ್ಟೆ. ನಿನ್ನ ಕಾಲಿಗೆ ಬೀಳ್ತೀನಿ," ಎಂದಳು ನೆವೆನಾ. ಅವಳ ಬಾಯಲ್ಲಿ ಅಂಥ ಮಾತನ್ನು ನಾನು ಎಂದೂ ಕೇಳಿರಲಿಲ್ಲ.

ದಾಫಿನಾಳ ಗಂಡ ಸ್ತೋಯಿಲ್ ಬಾಯಿ ಒರೆಸಿಕೊಳ್ಳುತ್ತ ಹೊರಗೆ ಬಂದ. "ಏನ್ ಡಾಕ್ಟರಮ್ಮಾ, ನಿಮ್ಮನ್ನೂ ಕಾವಲಿಗೆ ಇಟ್ಕೊಂಡ್ಳಾ?"

ಅವನು ಬಾಯಿ ಒರೆಸಿಕೊಂಡದ್ದನ್ನು ನಾನು ಕಣ್ಣಾರೆ ಕಂಡೆ. ಒಳಗೆ ಹೋಗಿ ತಟ್ಟೆ ನೋಡಲಿಲ್ಲ. ಮೂವತ್ತೊಂದು ವರ್ಷದ ಅನುಭವ ಆ ಹೊಸ್ತಿಲಲ್ಲಿ ಕೆಲಸಕ್ಕೆ ಬರಲಿಲ್ಲ. ಮುಂದಿನ ಮನೆಗೆ ನಡೆದೆ.

ಮಧ್ಯಾಹ್ನ ದಾಫಿನಾ ತಲೆಗೂದಲು ಕೆದರಿಕೊಂಡು ನನ್ನ ಮನೆಗೆ ಓಡಿ ಬಂದಳು. "ಕದ್ದಿದ್ದು ನಾನೇ! ಸೊಪ್ಪು, ಚೀಸು ತುಂಬಿ ಬಾನಿತ್ಸಾ ಬೇಯಿಸ್ದೆ. ನಂದು ಉಪವಾಸ, ಅವ್ರು ತಿಂದ್ರು. ವಾಂತಿ ನಿಲ್ತಾ ಇಲ್ಲ."

"ಬೆಳಿಗ್ಗೆ ಯಾಕೆ ಬೊಗಳಲಿಲ್ಲ?" ನಾನು ರೇಗಿದೆ.

"ಗೆಡ್ಡೆ ನೆಟ್ಟಿದ್ನಲ್ಲ, ಹೇಳಿದ್ರೆ ಗಿಡ ಒಣಗೋಗುತ್ತೆ ಅಂತ..."

ನಾನು ಆಂಬುಲೆನ್ಸಿಗೆ ಫೋನ್ ಮಾಡಿದೆ.

ಸ್ತೋಯಿಲ್ ಹತ್ತೊಂಬತ್ತು ದಿನ ನಗರದ ಆಸ್ಪತ್ರೆಯಲ್ಲಿದ್ದ. ಬದುಕಿದ. ನೂರರಲ್ಲಿ ಎಷ್ಟು ಜನ ಹಾಗೆ ಬದುಕುತ್ತಾರೆಂಬುದು ಗೊತ್ತಿದ್ದ ನಾನು ಅದನ್ನು ಯಾರಿಗೂ ಹೇಳಲಿಲ್ಲ. ಊರಿನವರು ನೆವೆನಾಳನ್ನು ವಿಷ ಬೆಳೆಯುವವಳೆಂದರು. ಅವಳು ಉಳಿದ ಚಳಿಹೂವನ್ನು ಕೀಳಲಿಲ್ಲ. ಅದರ ಸುತ್ತ ಕಲ್ಲು ಜೋಡಿಸಿದಳು.

ಅವನನ್ನು ಮನೆಗೆ ಕರೆತಂದ ಮರುದಿನ ನೆವೆನಾ ಸುತ್ತಿಗೆ ತಂದು ಬೇಲಿಯ ಎರಡು ಹಲಗೆ ಕಿತ್ತಳು. ಆ ಸಂದಿಯ ಪಕ್ಕದಲ್ಲೇ ಆರೋಗ್ಯದ ಗಿಡದ ದೊಡ್ಡ ಬುಡವೊಂದನ್ನು ನೆಟ್ಟು ನೀರು ಹಾಕಿದಳು. ನಾನು ಕಿಟಕಿಯಲ್ಲಿದ್ದೆ. ಸ್ವಲ್ಪ ಹೊತ್ತಿಗೆ ದಾಫಿನಾ ಬಂದು ಓಣಿಯಲ್ಲಿ ನಿಂತಳು. ಸೆರಗಿನಂತೆ ಮಡಿಸಿದ ಅವಳ ಏಪ್ರನ್ನಿನಲ್ಲಿ ಸಣ್ಣ ಸಲಿಕೆಯಿತ್ತು.

ನೆವೆನಾ ಅವಳನ್ನು ನೋಡಿದಳು. ಸ್ಟೂಲನ್ನು ಎತ್ತಿ ಮನೆಯ ಗೋಡೆಯ ಹತ್ತಿರ ಇಟ್ಟು, ಗೋಡೆಗೆ ಮುಖ ಮಾಡಿ ಕುಳಿತಳು. ಮಣ್ಣು ಕೆದಕುವ ಸದ್ದು ನಿಲ್ಲುವವರೆಗೂ ತಿರುಗಲಿಲ್ಲ.