ಹಿಮಗಾಲಕ್ಕೆ ಹೆಸರಿಟ್ಟವರು

ಆಗ ನನಗೆ ಅರವತ್ತೆಂಟು. ಐದು ವರ್ಷದ ಹಿಂದಿನ ಮಾತು. ಮೊಮ್ಮಗಳಿಗೆ ರಾಣೆಬೆನ್ನೂರಿನ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತ್ತು. ಮರುದಿನ ಮೊದಲ ಪಾಠ. ಹೊಸ ಜಾಗ, ಮನೆಯ ಇಬ್ಬರು ಅಜ್ಜಿಯರಲ್ಲಿ ಒಬ್ಬರು ಜೊತೆಗೆ ಬರ್ರಿ ಎಂದಿದ್ದಳು. ಯಾರು ಅಂತ ಹೇಳಿರಲಿಲ್ಲ.

ಪಾಠವನ್ನು ಮನೆಯಲ್ಲಿ ಒಮ್ಮೆ ಹೇಳಿ ನೋಡುವಾಗ ಎದುರಿಗೆ ಕೂರಿಸಿಕೊಂಡದ್ದು ನನ್ನನ್ನಲ್ಲ, ನನ್ನ ನೆಗೆಣ್ಣಿಯನ್ನು, ಮೈದುನನ ಹೆಂಡತಿಯನ್ನು. ಅವಳು ಏಳನೆಯ ಇಯತ್ತೆ ಓದಿದವಳು, ನಾನು ಎರಡಕ್ಕೇ ಬಿಟ್ಟವಳು. ಹೊಟ್ಟೆ ಉರಿಯಿತು. ಹುಡುಗಿ ನನ್ನ ಮಗನ ಮಗಳು. ಅವಳಿಗೆ ಹೆಸರಿಡುವಾಗಲೂ ಹೀಗೇ ಆಗಿತ್ತು. ನನಗೆ ಹೆಣ್ಣುಮಕ್ಕಳಿಲ್ಲ. ನೆಗೆಣ್ಣಿಯ ಮಗಳೇ ಸೋದರತ್ತೆಯಾಗಿ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳಿ, ಪದ್ಧತಿಯಂತೆ ಹೆಂಗಸರ ಕೈಯಲ್ಲಿ ಬೆನ್ನಿಗೆ ಗುದ್ದು ತಿಂದು, ಉಡುಗೊರೆಯ ಸೀರೆ ಒಯ್ದಳು.

ನಾನು ಬಾಗಿಲ ಬಳಿ ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೂತೆ. ಮೊಮ್ಮಗಳು ಪಾಠ ಶುರು ಮಾಡಿದಳು. ಭೂಮಿಯ ಮೇಲೆ ಹಿಮ ಎಷ್ಟೋ ಸಲ ಹರಡಿ, ಎಷ್ಟೋ ಸಲ ಸರಿದಿತ್ತಂತೆ. ಆಲ್ಪ್ಸ್ ಬೆಟ್ಟದ ಕಡೆ ನಾಲ್ಕು ಹಿಮಗಾಲ ಗುರುತಿಸಿ ಅಲ್ಲಿಯ ಹೊಳೆಗಳ ಹೆಸರಿಟ್ಟರಂತೆ: ಗುಂಜ್, ಮಿಂಡೆಲ್, ರಿಸ್, ವುರ್ಮ್. ನೆಗೆಣ್ಣಿ ತಡವರಿಸದೆ ಒಪ್ಪಿಸಿದಳು.

"ಸಣ್ಣಜ್ಜಿ ಭಾಳ ಶಾಣ್ಯಾಕಿ" ಎಂದಳು ಮೊಮ್ಮಗಳು.

"ಅಕ್ಕಾ, ನೀ ಹೇಳು ನೋಡೂಣು" ಎಂದು ನೆಗೆಣ್ಣಿ ನನ್ನನ್ನು ಕೆಣಕಿದಳು.

"ವರದಾ, ತುಂಗಭದ್ರಾ ಅಂತ ಇಟ್ಟಿದ್ರ ಹೇಳ್ತಿದ್ದೆ. ಅವೇನು ಹೆಸರೋ, ಕೆಮ್ಮೋ?"

ಮೊಮ್ಮಗಳು ನಕ್ಕಳು. "ಅವು ಹಳೇವಾದುವು ಅಜ್ಜಿ. ಸಮುದ್ರದ ತಳದ ಕೆಸರು ತಗದು ನೋಡಿದ್ರ ನಾಕಲ್ಲ, ಭಾಳ ಅದಾವ. ಅದಕ್ಕ ಈಗ ನಂಬರ್. ಈಗಿನ ಬೆಚ್ಚನ ಕಾಲ ನಂಬರ್ ಒಂದು. ಹಿಂದಕ್ಕ ಎಣಿಸ್ಕೋತ ಹೋದ್ರ ಬೆಸ ಬೆಚ್ಚಗ, ಸಮ ಚಳಿ."

ನೆಗೆಣ್ಣಿಯ ಮುಖ ಸಣ್ಣದಾಯಿತು. ನನಗೆ ಹಿತವಾಯಿತು, ಸುಳ್ಳೇಕೆ ಹೇಳಲಿ.

"ಒಂದು ಬೆಚ್ಚಗ, ಎರಡು ಚಳಿ, ಮೂರು ಬೆಚ್ಚಗ" ಎಂದೆ.

"ಮೂರು ಪೂರಾ ಬೆಚ್ಚಗಲ್ಲ. ಚಳಿಯೊಳಗ ಒಂದೀಟು ಬಿಡುವು, ಅಷ್ಟ. ನಂಬರ್ ಕೊಟ್ಟ ಮ್ಯಾಲ ಗೊತ್ತಾತು. ಹಂಗ ಬಿಟ್ಟಾರ."

"ಹೆಸರಿಟ್ಟೋರ ಬೆನ್ನಿಗೆ ಯಾರೂ ಗುದ್ದಿಲ್ಲೇನು? ನಾಕು ಬಿದ್ದಿದ್ರ ನೆಟ್ಟಗ ಇಡತಿದ್ರು."

ಮೊಮ್ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಇದನ್ನ ನಾಳೆ ಕ್ಲಾಸಿನಾಗ ಹೇಳ್ತೇನಿ" ಎಂದಳು. ಆದರೆ ನೆಗೆಣ್ಣಿ ಆಗಲೇ ಎದ್ದು, ಜೊತೆಗೆ ಹೋಗುವವಳು ತಾನೇ ಎಂಬಂತೆ ನಾಳೆ ಉಡಲು ಜರಿ ಸೀರೆ ತೆಗೆದಿಡುತ್ತಿದ್ದಳು.

ಮರುದಿನ ಬೆಳಗ್ಗೆ ನೆಗೆಣ್ಣಿ ಪೂಜೆಗೆ ಕೂತಾಗ ಮೊಮ್ಮಗಳ ಚೀಲ ಹೆಗಲಿಗೆ ಹಾಕಿಕೊಂಡು, "ಲಗೂ ನಡಿ, ಬಸ್ ಹೋದೀತು" ಎಂದು ಅವಳ ಕೈ ಹಿಡಿದು ನಮ್ಮೂರು ಹಾವೇರಿಯ ಬಸ್ ಸ್ಟ್ಯಾಂಡಿಗೆ ಹೊರಟೆ.