ಕಾಗದ ಬರೆಸಿದವಳ ಮಗಳು

ಚಿಂತೆ ಮಾಡುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೋಲಾರದ ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುವ ನಾನು ಮನೆಗೆ ಬೀಗ ಹಾಕಿದ ಮೇಲೂ ಎರಡು ಸಲ ಎಳೆದು ನೋಡುವವಳು. ಐವತ್ತು ದಾಟಿದ ಮೇಲೆ, ಇರುವ ಚಿಂತೆ ಸಾಲದೆಂಬಂತೆ, ಸ್ವಯಂಸೇವಕರ ಗುಂಪೊಂದಕ್ಕೆ ಸೇರಿಕೊಂಡೆ. ಹಳೆಯ ಓಲೆಗರಿ, ಕಡತ, ಕೈಬರಹದ ಪುಸ್ತಕಗಳ ಫೋಟೊ ತೆಗೆದು, ವಿವರ ಬರೆದು, ಯಾರು ಬೇಕಾದರೂ ಓದುವಂತೆ ಇಂಟರ್ನೆಟ್ಟಿಗೆ ಏರಿಸುವುದು ನಮ್ಮ ಕೆಲಸ. ಲೋಕದ ದೊಡ್ಡ ಗ್ರಂಥಭಂಡಾರಗಳ ಬಗ್ಗೆ ಅಲ್ಲಿ ಬೇಕಾದಷ್ಟಿತ್ತು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಂದು ಹುಡುಕಿದರೆ ಮಾತ್ರ ಏನೂ ಇರಲಿಲ್ಲ. ಆ ಕೊರತೆ ತುಂಬಿಸುವ ಹೊಣೆಯನ್ನು ಜಿಲ್ಲೆಯ ಐದು ಜನ ಹೊತ್ತೆವು. ನಮ್ಮ ಭಾನುವಾರಗಳೆಲ್ಲ ಅದಕ್ಕೇ ಹೋದವು.

ನಮಗೆ ಸಿಕ್ಕ ದೊಡ್ಡ ನಿಧಿ ಮುಳಬಾಗಿಲಿನ ಬಳೆ ಅಂಗಡಿಯಲ್ಲಿತ್ತು. ಅಂಗಡಿಯ ಭಾಯ್ ನನಗಿಂತ ಹತ್ತು ವರ್ಷ ಹಿರಿಯರು. ಅವರ ತಾತ ಪೋಸ್ಟಾಫೀಸಿನ ಮುಂದೆ ಚಾಪೆ ಹಾಸಿಕೊಂಡು, ಓದುಬರಹ ಬಾರದವರಿಗೆ ಕಾಗದ ಬರೆದುಕೊಡುತ್ತಿದ್ದರಂತೆ. ಕನ್ನಡ, ತೆಲುಗು, ಉರ್ದು ಮೂರೂ ಬರುತ್ತಿತ್ತು. ಹೇಳಿದ್ದನ್ನು ಮೊದಲು ನೋಟ್‌ಬುಕ್ಕಿನಲ್ಲಿ ಗೀಚಿ, ಓದಿ ಕೇಳಿಸಿ, ಹೇಳಿದವರು ಹೂಂ ಎಂದ ಮೇಲೆ ಕಾರ್ಡಿಗೆ ಇಳಿಸುವುದು ಅವರ ಪದ್ಧತಿ. ಕಾರ್ಡುಗಳು ಊರೂರಿಗೆ ಹೋದವು, ನೋಟ್‌ಬುಕ್ಕು ಮನೆಯಲ್ಲೇ ಉಳಿಯಿತು.

ಅದರ ಫೋಟೊ ತೆಗೆದ ದಿನ ನಾನು ಪಟ್ಟ ಚಿಂತೆ ಒಂದೆರಡಲ್ಲ. ಹಾಳೆ ಹರಿದರೆ? ಕೈಬೆವರಿಗೆ ಶಾಯಿ ಕದಡಿದರೆ? ಭಾಯ್ ನಗುತ್ತಿದ್ದರು.

"ಅರೆ ಟೀಚರಮ್ಮ, ನಮ್ಮ ದಾದಾ ಇದನ್ನ ತಲೆದಿಂಬು ಮಾಡ್ಕೊಂಡು ಮಲಗ್ತಿದ್ರು. ನೀವು ಹಸುಗೂಸು ಹಿಡ್ದಂಗೆ ಹಿಡೀತೀರಲ್ಲ!"

ಒಪ್ಪಿಗೆ ಪತ್ರಕ್ಕೆ ಅವರ ಸಹಿ ಹಾಕಿಸಿಕೊಂಡು, ಸರಿಯಾಗಿದೆಯೇ ಎಂದು ಮೂರು ಸಲ ನೋಡಿ, ಎಲ್ಲ ಪುಟಗಳನ್ನೂ ಏರಿಸಿದೆವು. ಕಂಡರಿಯದ ಜನ ಎಲ್ಲೆಲ್ಲೋ ಕೂತು ಒಂದೊಂದೇ ಪುಟ ಟೈಪು ಮಾಡಿದರು, ಬೇರೆ ಭಾಷೆಗಳಿಗೆ ತಂದರು. ರಾಯಲ್ಪಾಡು ಕಡೆಯ ಹಳ್ಳಿಯೊಂದರ ಹೆಂಗಸು ಅಣ್ಣನಿಗೆ ಬರೆಸಿದ ತೆಲುಗು ಕಾಗದವನ್ನು ಎಲ್ಲರೂ ಮೆಚ್ಚಿಕೊಂಡರು. ಅದರ ಕೊನೆಯ ಸಾಲನ್ನು ಆರಿಸಿ ಚಿತ್ರದ ಕೆಳಗೆ ದಪ್ಪಕ್ಷರದಲ್ಲಿ ಹಾಕಿದವಳು ನಾನೇ. ಆ ಬಗ್ಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಕೆಲವು ತಿಂಗಳಾದ ಮೇಲೆ ಒಂದು ಬೆಳಗ್ಗೆ ಭಾಯ್ ಫೋನು ಬಂತು. "ಟೀಚರಮ್ಮ, ಬೇಗ ಬರ್ತೀರಾ? ರಾಯಲ್ಪಾಡಿಂದ ಒಬ್ರು ಅಜ್ಜಿ ಬಂದವ್ರೆ. ಟೀ ಕೂಡ ಕುಡೀತಿಲ್ಲ."

ಬಸ್ಸಿನಲ್ಲಿ ಕೂತು ಪೊಲೀಸ್ ಸ್ಟೇಷನ್ನು, ಕೋರ್ಟು, ನನ್ನ ಅಮಾನತಿನ ಆದೇಶ ಎಲ್ಲವನ್ನೂ ಮನಸ್ಸಿನಲ್ಲೇ ನೋಡಿ ಮುಗಿಸಿದೆ. ಅಂಗಡಿಯ ಬೆಂಚಿನ ಮೇಲೆ, ಬಳೆಯ ಡಬ್ಬಗಳ ನಡುವೆ, ಎಪ್ಪತ್ತೈದರ ಆಸುಪಾಸಿನ ಹೆಂಗಸು ನೆಟ್ಟಗೆ ಕೂತಿದ್ದಳು.

"ನೀನೇನಾ ನಮ್ಮಮ್ಮನ್ನ ಫೋನಲ್ಲಿ ಹಾಕಿದ್ದು?"

ಅಲ್ಲ ಎನ್ನುವ ಆಸೆಯಾಯಿತು. "ಹೌದಮ್ಮ" ಎಂದೆ.

ಕಾಗದದಲ್ಲಿ ಊರು, ಮನೆತನ, ಹೆಸರು ಎಲ್ಲ ಇದ್ದವು. ಯಾರೋ ಅದನ್ನು ಊರಿನ ವಾಟ್ಸ್ಆಪ್ ಗುಂಪಿಗೆ ಹಾಕಿದ್ದರು.

"ಊರೆಲ್ಲಾ ಓದವ್ರೆ. ನಲ್ಲೀ ಹತ್ರ ಹೋದ್ರೆ ಮಾತು ನಿಲ್ಲಿಸ್ತಾರೆ. ನಂಗೆ ಓದಕ್ ಬರಲ್ಲ, ಕೇಳಿದ್ರೆ ಏನಿಲ್ಲ ಬಿಡವ್ವ ಅಂತಾರೆ. ಏನ್ ಬರ್ಸವ್ಳೆ ಅವ್ಳು? ಮೊದಲು ನೀನು ಓದು."

ನೋಟ್‌ಬುಕ್ಕು ಬಿಚ್ಚಿದೆ. ತೆಲುಗಿನ ಆ ಕಾಗದದಲ್ಲಿ ಇದ್ದದ್ದು ಇಷ್ಟೇ: ಅಣ್ಣಾ, ನನ್ನನ್ನು ಕರೆದೊಯ್ಯಲು ಬರಬೇಡ. ಬೆನ್ನಿನ ಗಾಯ ಒಣಗುತ್ತಿದೆ. ನಾನು ತವರಿಗೆ ವಾಪಸು ಬಂದೆನೆಂದರೆ ತಂಗಿಯರ ಮದುವೆ ನಿಂತುಹೋಗುತ್ತದೆ. ನೀನು ಬಂದರೂ ನಾನು ಹೊರಡುವುದಿಲ್ಲ. ಮಗು ಚೆನ್ನಾಗಿದ್ದಾಳೆ. ಅವಳಿಗೆ ಇದೊಂದೂ ಎಂದಿಗೂ ತಿಳಿಯಕೂಡದು.

ನಾನು ದಪ್ಪಕ್ಷರದಲ್ಲಿ ಹಾಕಿದ್ದು ಆ ಕೊನೆಯ ಸಾಲು. ಆ ಮಗು ನನ್ನೆದುರು ಕೂತಿತ್ತು.

ಅಂಗಡಿಗೆ ಬಂದ ಇಬ್ಬರು ಹುಡುಗಿಯರನ್ನು ಭಾಯ್ ಕೈಸನ್ನೆಯಲ್ಲೇ ಕಳಿಸಿದರು.

"ಬರಬೇಡ ಅಂತ ಇವ್ಳೇ ಅಂದ್ಳಾ?" ಎಂದಳು ಅಜ್ಜಿ. "ಮಾವ ನಮ್ಮನ್ನ ಕೈಬಿಟ್ಟ ಅಂತಿದ್ದೆ. ಅವ್ನು ಸತ್ತಾಗ ಮುಖ ನೋಡಕ್ಕೂ ನಾನು ಹೋಗ್ಲಿಲ್ಲ."

ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಳು. ಆಮೇಲೆ ನನ್ನ ಕಡೆ ತಿರುಗಿದಳು. "ತೆಗ್ದಾಕು ಅದನ್ನ. ಅವ್ಳು ಅಣ್ಣನಿಗೆ ಹೇಳ್ಕೊಂಡಿದ್ದು. ಊರಿಗಲ್ಲ."

ನಾವು ಹಾಕಿದ್ದನ್ನು ಇವತ್ತೇ ತೆಗೆಯುತ್ತೇನೆ, ಆದರೆ ಬೇರೆಯವರು ಅದನ್ನು ಇಳಿಸಿಕೊಂಡು ಬೇರೆ ಕಡೆ ಹಾಕಿದ್ದಾರೆ, ಅದೆಲ್ಲ ನನ್ನ ಕೈಯಲ್ಲಿಲ್ಲ ಎಂದೆ. ಸುಳ್ಳು ಹೇಳಿದ್ದರೆ ಆ ಗಳಿಗೆ ಸಲೀಸಾಗುತ್ತಿತ್ತು.

"ಕೈಯಲ್ಲಿ ಇಲ್ದಿದ್ದನ್ನ ಯಾಕಮ್ಮ ಮಾಡಕ್ ಹೋದೆ?"

ಭಾಯ್ ನಡುವೆ ಬಾಯಿ ಹಾಕಿದರು. "ತಪ್ಪು ನಂದೂ ಇದೆ ಅಮ್ಮ. ಇವ್ರು ನನ್ನ ಹತ್ರ ಪರ್ಮಿಷನ್ ಕೇಳಿದ್ರು, ನಾನು ಠೀವಿಯಾಗಿ ಸೈನ್ ಹಾಕ್ದೆ. ಬರ್ದಿದ್ದು ನಮ್ಮ ದಾದಾ, ಸರಿ. ಹೇಳಿದ್ದು ನಿಮ್ಮ ತಾಯಿ ಅಲ್ವಾ. ನಮ್ಮಿಬ್ಬರಿಗೂ ಹೊಳೀಲೇ ಇಲ್ಲ."

ಹಾಗೆಂದವರೇ ಗಲ್ಲಾದ ಡ್ರಾಯರಿನಿಂದ ಬ್ಲೇಡು ತೆಗೆದು, ಆ ಹಾಳೆಯ ಬುಡಕ್ಕೆ ಹಿಡಿದರು. "ಇದು ನಿಮ್ದು. ತಗೊಂಡೋಗಿ."

ಬೇಡ ಎನ್ನಲು ಬಾಯಿ ತೆರೆದೆ. ಯಾವ ಹಕ್ಕಿನಿಂದ ಎಂದು ತಿಳಿಯದೆ ಮುಚ್ಚಿದೆ. ಆಗ ಅವಳು ಹಾಳೆಯ ಮೂಲೆ ಎತ್ತಿ ಹಿಂಬದಿ ನೋಡಿದಳು. ಅಲ್ಲೂ ಬರಹವಿತ್ತು.

"ಈ ಕಡೆ ಯಾರ್ದು?"

"ನಂಗಲಿಯ ಒಬ್ಬ ಹೆಂಗಸಿನದು," ಎಂದೆ.

"ಅವ್ರ ಮನೇರಿಗೆ ಹೇಳಿದೀರಾ?"

"ಇಲ್ಲ," ಎಂದೆ.

"ಬ್ಲೇಡು ಒಳಗಿಡಪ್ಪ," ಎಂದಳು. "ಅವ್ಳದನ್ನ ಹೊತ್ಕೊಂಡೋಗಿ ನಾನೇನ್ ಮಾಡ್ಲಿ?"

ಅವಳನ್ನು ಬಸ್ಸು ಹತ್ತಿಸಿ ಬಂದು, ಆ ಸಂಜೆಯೇ ನೋಟ್‌ಬುಕ್ಕಿನ ಅಷ್ಟೂ ಪುಟಗಳನ್ನು ತೆಗೆಯಬೇಕೆಂದು ಗುಂಪಿಗೆ ಬರೆದೆ. ವಾರಗಟ್ಟಲೆ ಚರ್ಚೆಯಾಯಿತು. ಹೀಗೆ ಒಂದೊಂದು ಮನೆಯೂ ಬೇಡ ಎಂದರೆ ಬಡವರ ಚರಿತ್ರೆ ಉಳಿಯುವುದು ಎಲ್ಲಿ ಎಂದು ಒಬ್ಬರು ಕೇಳಿದರು. ಅದು ನ್ಯಾಯವಾದ ಪ್ರಶ್ನೆ. ಕಡೆಗೆ ಪುಟಗಳನ್ನು ತೆಗೆದರು. ಇನ್ನೊಂದು ಕಡೆ ಇರುವ ಪ್ರತಿಯನ್ನೂ ತೆಗೆಯಿರೆಂದು ನಾನು ಬರೆಯುತ್ತಲೇ ಇದ್ದೇನೆ. ಅವರು ಉತ್ತರಿಸಿಲ್ಲ. ಉತ್ತರಿಸಿಲ್ಲ ಎಂಬುದನ್ನೂ ರಾಯಲ್ಪಾಡಿನ ಅಜ್ಜಿಗೆ ಫೋನು ಮಾಡಿ ಹೇಳುತ್ತೇನೆ. ಕೇಳಿಸಿಕೊಂಡು ಇಟ್ಟುಬಿಡುತ್ತಾಳೆ.

ಚರ್ಚೆ ಮುಗಿದ ಭಾನುವಾರ ಭಾಯ್ ಅಂಗಡಿ ಮುಚ್ಚಿದರು. ಇಬ್ಬರೂ ನೋಟ್‌ಬುಕ್ಕು ಹಿಡಿದು ನಂಗಲಿಗೆ ಹೋದೆವು. ಸಾಲಾಗಿ ನಿಂತ ಲಾರಿಗಳನ್ನು ದಾಟಿ, ನಾಲ್ಕು ಕಡೆ ವಿಚಾರಿಸಿ, ಒಂದು ಮನೆಯ ಮುಂದೆ ನಿಂತೆವು. ಬಾಗಿಲಿಗೆ ಬಂದ ಹೆಂಗಸು ನಮ್ಮನ್ನು ಸಾಲ ಕೊಡುವ ಸಂಘದವರು ಎಂದುಕೊಂಡಳು.

"ನಮ್ಗೇನೂ ಬೇಡ, ಹೋಗ್ರಿ."

"ನಿಮ್ಮ ಮನೆಯ ಹಿರಿಯರೊಬ್ಬರು ಹಿಂದೆ ಬರೆಸಿದ ಕಾಗದ ಒಂದು ನಮ್ಮ ಹತ್ತಿರ ಇದೆ," ಎಂದೆ. "ನೀವು ಕೇಳ್ತೀನಿ ಅಂದ್ರೆ ಓದ್ತೀವಿ. ಬೇಡ ಅಂದ್ರೆ ಹೋಗ್ತೀವಿ."

ಅವಳು ಒಮ್ಮೆ ಬೀದಿಯ ಆಚೀಚೆ ನೋಡಿ, ನಮ್ಮನ್ನು ಒಳಗೆ ಕರೆದು, ಬಾಗಿಲು ಮುಂದೆ ಮಾಡಿದಳು.