ಬಡಿಸುವವನಿಗೆ ವಿಮೆ

ಅಪ್ಪಯ್ಯನ ಕಚೇರಿಯ ವಿಮೆಯಲ್ಲಿ ಮಗನೆಂದು ಸೇರಿಕೊಂಡಿರಬಹುದಾದ ವಯಸ್ಸು ನನಗೆ ಮೀರಿತ್ತು. ಸ್ವಂತ ಆರೋಗ್ಯ ವಿಮೆ ಮಾಡಿಸಲು ಸಿದ್ದಾಪುರದಲ್ಲಿ ಏಜೆಂಟನಾಗಿರುವ ಭಾವನ ಬಳಿ ಹೋದೆ. ಭಾವನೆಂದರೆ ಸೋದರತ್ತೆಯ ಮಗ. ಅರ್ಜಿ ತುಂಬುತ್ತಿದ್ದವನು, ಹಿಂದೆ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆದಿದ್ದೀರಾ ಎಂಬ ಪ್ರಶ್ನೆ ಬಂದಾಗ ನನ್ನನ್ನು ಕೇಳದೆಯೇ ‘ಇಲ್ಲ’ ಎಂದು ಗುರುತು ಹಾಕಲು ಹೊರಟ.

“ಭಾವ, ‘ಹೌದು’ ಹೇಳಿ ಹಾಕು.”

“ಎಂತಕ್ಕೆ? ನೀನು ಊಟ ಬಿಟ್ಟಿದ್ದೆ, ಮತ್ತೆ ಶುರು ಮಾಡಿದೆ. ಅದೆಂತ ರೋಗನಾ?”

“ಹಂಗಾರೆ ಹುಬ್ಬಳ್ಳಿ ಡಾಕ್ಟ್ರ ಚೀಟಿ ಎಲ್ಲಾ ಸುಳ್ಳಾ?”

“‘ಹೌದು’ ಹೇಳಿ ಹಾಕಿದ್ರೆ ಪಾಲಿಸಿ ಸಿಗೂದು ಕಷ್ಟ ಇದ್ದು, ಮಾಣಿ.”

“‘ಇಲ್ಲೆ’ ಹೇಳಿ ಹಾಕಿದ್ರೆ ನಾಳೆ ಆಸ್ಪತ್ರೆಲಿ ಮಲಗಿದಾಗ ದುಡ್ಡು ಸಿಗೂದು ಕಷ್ಟ.”

“ನಿನ್ ಹತ್ರ ವಾದ ಮಾಡಲೆ ಆಗ್ತಿಲ್ಲೆ.”

ನನಗೆ ನಗು ಬಂತು. ಚರ್ಚಾಸ್ಪರ್ಧೆಗಳಲ್ಲಿ ಮೆರೆಯುತ್ತಿದ್ದ ಕಾಲದಲ್ಲಿ ನನ್ನನ್ನು ಸೋಲಿಸಿದವನು ಇವನೊಬ್ಬನೇ, ಅದೂ ಬಾಯಿ ತೆರೆಯದೆ.

ಕಾಲೇಜಿನ ದಿನಗಳವು. ಶಿರಸಿಯಿಂದ ಯಲ್ಲಾಪುರದವರೆಗೆ ನೆಂಟರಲ್ಲಿ ಎಲ್ಲಿ ಮದುವೆ, ಉಪನಯನವಾದರೂ ಬಡಿಸಲು ನಾನೇ ಮುಂದೆ. ಪಂಚೆ ಎತ್ತಿ ಕಟ್ಟಿ, ಸಾರಿನ ಬಕೆಟ್ ಹಿಡಿದು ಪಂಕ್ತಿಯುದ್ದಕ್ಕೂ ಓಡುತ್ತಿದ್ದೆ. ಚುರುಕಿನ ಹುಡುಗ ಎಂದು ಎಲ್ಲರೂ ಹೊಗಳುವವರೇ. ಬಡಿಸುವವನು ಉಂಡನೇ ಎಂದು ಮಾತ್ರ ಯಾರೂ ನೋಡುವುದಿಲ್ಲ. ಆ ಕೆಲಸ ನನಗೆ ಬೇಕಾಗಿದ್ದೇ ಅದಕ್ಕೆ. ಯಾರಾದರೂ ಕೇಳಿದರೆ “ಒಳಗೇ ಆತು” ಎಂದರೆ ಮುಗಿಯಿತು. ಸೊರಗಿದ್ದೀಯಲ್ಲ ಎಂದವರಿಗೆ ಉಪವಾಸದ ಲಾಭಗಳನ್ನು ಹೇಳಿ ಬಾಯಿ ಮುಚ್ಚಿಸುತ್ತಿದ್ದೆ.

ಮತ್ತಿಘಟ್ಟದ ಒಂದು ಮದುವೆಯಲ್ಲಿ, ಬಡಿಸಿದವರು ಕೂರುವ ಕಡೆಯ ಪಂಕ್ತಿಯಲ್ಲಿ ಭಾವ ತನ್ನ ಎಲೆಯ ಪಕ್ಕ ಇನ್ನೊಂದು ಎಲೆ ಹಾಕಿಸಿದ. ನಂದು ಆತು ಎಂದೆ. ಅವನು ಅನ್ನ ಆರುತ್ತಿದ್ದರೂ ಮುಟ್ಟದೆ ಕೈಕಟ್ಟಿ ಕೂತ. ಎದುರು ಪಕ್ಷ ಏನನ್ನೂ ಮಂಡಿಸದಿದ್ದರೆ ಖಂಡಿಸುವುದು ಯಾವುದನ್ನು? ಕೂತೆ. ನಾಲ್ಕು ತುತ್ತು ತಂಬುಳಿ ಅನ್ನ ಇಳಿಯಿತು. ಅದರಿಂದ ವಾಸಿಯಾಯಿತು ಎಂಬ ಕಥೆಯನ್ನು ನಾನು ಒಪ್ಪುವುದಿಲ್ಲ. ವಾಸಿ ಮಾಡಿದ್ದು ಡಾಕ್ಟರು. ಆದರೆ ಮರುವಾರ ನನ್ನನ್ನು ಹುಬ್ಬಳ್ಳಿ ಬಸ್ಸು ಹತ್ತಿಸಿದ್ದು ಇವನೇ.

ವಿಚಿತ್ರವೆಂದರೆ ಆ ದಿನಗಳು ಈಗ ನೆನಪಾದರೆ ಹಿತವೆನಿಸುತ್ತವೆ. ಹೊಟ್ಟೆಯ ಸಂಕಟವಲ್ಲ, ಬಿಸಿ ಅನ್ನ ಬಿದ್ದ ಬಾಳೆಲೆಯ ಪರಿಮಳ, “ಮಾಣಿ, ಇಲ್ಲೊಂದು ಸೌಟು” ಎಂಬ ಕೂಗು, ಪಕ್ಕದಲ್ಲಿ ಪಲ್ಯ ಹಿಡಿದು ಬರುತ್ತಿದ್ದ ಭಾವನ ಹೆಜ್ಜೆ.

ಕೊನೆಗೆ ‘ಹೌದು’ ಎಂದೇ ಹಾಕಿ, ಡಾಕ್ಟರ ಪತ್ರ ಜೋಡಿಸಿ ಕಳಿಸಿದೆವು. ಕಂಪನಿ ಆಗದು ಎಂದಿತು. ನಾನು ಮೊದಲೇ ಹೇಳಿದ್ದೆ ಎಂದು ಭಾವ ಚುಚ್ಚಲಿಲ್ಲ.

“ಈ ಪಂಕ್ತಿ ತುಂಬಿದ್ದು. ಮುಂದಿನದಕ್ಕೆ ಕೂರನ” ಎಂದು ಮತ್ತೊಂದು ಕಂಪನಿಗೆ ಕಳಿಸಿದ.

ಅವರು ಕಂತು ಏರಿಸಿ, ಆ ಕಾಯಿಲೆಗೆ ಮಾತ್ರ ಕೆಲವು ವರ್ಷ ಕಾಯಬೇಕೆಂದು ಹೇಳಿ ಒಪ್ಪಿದರು. ವಾಸಿಯಾದವನಿಗೆ ಇದೆಂಥ ದಂಡ ಎಂದು ವಾದಿಸುತ್ತಲೇ ಸಹಿ ಹಾಕಿದೆ.

ಭಾವ ಪೆನ್ನು ಮುಚ್ಚಿಟ್ಟು ಕೇಳಿದ, “ಊಟ ಆತಾ?”

“ಇಲ್ಲೆ” ಎಂದೆ.

“ಹಂಗಾರೆ ಏಳು” ಎಂದು ತನ್ನ ಕಚೇರಿಯ ಬಾಗಿಲು ಎಳೆದ.